ರಮೇಶಣ್ಣನ ಜಾಕೆಟ್

ಹೆಣ್ಣುಕುದುರೆಯ ಹಿಂಗಾಲುಗಳಲ್ಲಿ ಲಾಳ ಇತ್ತು. ಇರಬಾರದಾಗಿತ್ತು.

ಗಂಡು ಹಾರಿಸಿ ಗಬ್ಬ ಕಟ್ಟಿಸಲು ತಂದ ಹೆಣ್ಣುಕುದುರೆಯ ಹಿಂದಿನ ಲಾಳಗಳನ್ನು ಬಂದ ದಿನವೇ ಕೀಳಬೇಕು. ಕುದುರೆ ತಳಿ ಬೆಳೆಸುವ ಸ್ಟಡ್ ಫಾರಂನ ಮೊದಲ ಪಾಠ ಅದು. ಲೋಹಿತನಿಗೆ ಆ ಪಾಠ ಹೇಳಿಕೊಟ್ಟವನು ರಮೇಶಣ್ಣ. ಆ ಮಂಗಳವಾರ ಬೆಳಿಗ್ಗೆ ಲಾಳ ಕಂಡುಹಿಡಿದವನೂ ರಮೇಶಣ್ಣನೇ.

"ಬಾಸ್, ಶೂ," ಎಂದು ಅವನು ಬಗ್ಗಿ ಕಾಲು ತೋರಿಸಿದ. ಅವನ ಇಂಗ್ಲಿಷ್ ಅಷ್ಟೇ.

ಮ್ಯಾನೇಜರ್ ಡೆಕ್ಲನ್ ವಾಚು ನೋಡಿಕೊಂಡ. ಲಾಳ ಕೀಳುವವನು ನಾಳೆ ಬರುತ್ತಾನೆ, ಇವತ್ತು ಹತ್ತು ಗಂಟೆಗೆ ಲಾಂಗ್ ಹಾರ್ಬರ್ ರೆಡಿ ಇರಬೇಕು, ಇವಳು ಬೆದೆಗೆ ಬಂದಿದ್ದಾಳಾ ಬೇಗ ನೋಡಿ ಹೇಳಿ ಎಂದ. "ಏನೂ ಆಗಲ್ಲ. ಗ್ರ್ಯಾಂಡ್," ಎಂದ. ಐರ್ಲೆಂಡಿನಲ್ಲಿ ಎಲ್ಲದಕ್ಕೂ ಗ್ರ್ಯಾಂಡ್. ಚಹಾ ಬೇಕಾ ಅಂದರೆ ಗ್ರ್ಯಾಂಡ್. ಕೈ ಮುರಿದಿದೆ ಅಂದರೂ ಗ್ರ್ಯಾಂಡ್.

ಲಾಂಗ್ ಹಾರ್ಬರ್ ಎಂಬುದು ಬೀಜದ ಕುದುರೆ. ಕಿಲ್ಡೇರ್ ಜಿಲ್ಲೆಯ ಆ ಸ್ಟಡ್ ನಡೆಯುತ್ತಿದ್ದದ್ದೇ ಅದರ ಮೇಲೆ. ಜನವರಿಯಲ್ಲಿ ಫಾರಂನ ಗೇಟು ತೆರೆದು ಅದನ್ನು ಜನರ ಮುಂದೆ ನಡೆಸಿ ತೋರಿಸುತ್ತಾರೆ. ಹೆಣ್ಣುಕುದುರೆ ಸಾಕಿದವರು ಕಾಫಿ ಕುಡಿಯುತ್ತ ನೋಡಿ ಬುಕ್ ಮಾಡುತ್ತಾರೆ. ಫೆಬ್ರವರಿ ಮಧ್ಯದಿಂದ ಲಾರಿಗಳು ಬರತೊಡಗುತ್ತವೆ. ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು ಕುದುರೆ. ಹಾರಿಸುವ ಶೆಡ್ಡಿನಲ್ಲಿ ನೆಲಕ್ಕೆ ರಬ್ಬರ್, ಗೋಡೆಗೆ ಮೆತ್ತೆ. ಹೆಣ್ಣುಕುದುರೆ ಒದ್ದರೆ ಲಾಂಗ್ ಹಾರ್ಬರ್‌ಗೆ ಪೆಟ್ಟಾಗಬಾರದೆಂದು ಅವಳ ಹಿಂಗಾಲಿಗೆ ದಪ್ಪ ಉಣ್ಣೆಯ ಬೂಟು. ಆ ಶೆಡ್ಡಿನ ಐದು ಜನ ಆಳುಗಳಿಗೆ ಹೆಲ್ಮೆಟ್, ಎದೆಗೆ ಸೇಫ್ಟಿ ಜಾಕೆಟ್.

ಅದಕ್ಕೂ ಮೊದಲಿನ ಕೆಲಸ ಬೇರೆ ಶೆಡ್ಡಿನದು. ಹೆಣ್ಣುಕುದುರೆ ಬೆದೆಗೆ ಬಂದಿದೆಯೋ ಇಲ್ಲವೋ ನೋಡಬೇಕು. ಅದನ್ನು ನೋಡಲು ಲಾಂಗ್ ಹಾರ್ಬರ್ ಬರುವುದಿಲ್ಲ. ಒದೆ ತಿಂದರೆ ಏನು ಗತಿ? ಅದಕ್ಕೇ ಒಂದು ಟೀಸರ್ ಕುದುರೆ ಸಾಕಿರುತ್ತಾರೆ. ಜಾತಿಯಿಲ್ಲದ ಕುದುರೆ. ವಂಶಾವಳಿ ಇಲ್ಲ. ಹಲಗೆಯ ಈಚೆ ಟೀಸರನ್ನು ನಿಲ್ಲಿಸಿ, ಆಚೆ ಹೆಣ್ಣುಕುದುರೆಯನ್ನು ತಂದು ಮೂಸಿಸುತ್ತಾರೆ. ಅವಳು ಒಲ್ಲೆನೆಂದರೆ ಒದೆಯುತ್ತಾಳೆ, ಕಚ್ಚುತ್ತಾಳೆ. ಒಲಿದು ಬಾಲ ಎತ್ತಿದರೆ ಟೀಸರನ್ನು ಹಗ್ಗ ಜಗ್ಗಿ ಲಾಯಕ್ಕೆ ಎಳೆದೊಯ್ಯುತ್ತಾರೆ. ಅವಳನ್ನು ಲಾಂಗ್ ಹಾರ್ಬರ್‌ಗೆ ಒಯ್ಯುತ್ತಾರೆ.

ಇಲ್ಲಿಯ ಟೀಸರಿನ ಹೆಸರು ಮಿಕ್ಕಿ. ಗಿಡ್ಡ, ಕಂದು ಬಣ್ಣ, ಒಂದು ಕಿವಿ ಅರ್ಧ ಇಲ್ಲ. ಯಾವುದೋ ಹೆಣ್ಣುಕುದುರೆ ಕಚ್ಚಿ ತೆಗೆದದ್ದು. ರಮೇಶಣ್ಣ ಮಾತ್ರ ಅದನ್ನು ಭಾವ ಎಂದು ಕರೆಯುತ್ತಿದ್ದ.

"ಏಳಪ್ಪ ಭಾವ, ಹೆಣ್ಣು ನೋಡಕ್ಕೆ ಹೋಗಣ. ಉಪ್ಪಿಟ್ಟು ಕೇಸರಿಬಾತು ಏನೂ ಸಿಗಕ್ಕಿಲ್ಲ, ಒದೆ ಮಾತ್ರ ಗ್ಯಾರಂಟಿ," ಎಂದು ದಿನಾ ಬೆಳಿಗ್ಗೆ ಅದರ ಕುತ್ತಿಗೆ ತಟ್ಟುತ್ತಿದ್ದ. "ನೋಡೋನು ನೀನು, ತಾಳಿ ಕಟ್ಟೋನು ಅವ್ನು. ನಮ್ಮೂರಲ್ಲೂ ಹಂಗೇಯ."

ಮಂಗಳವಾರ ಮಿಕ್ಕಿಯನ್ನು ಹಿಡಿದವನು ರಮೇಶಣ್ಣ. ಹಲಗೆಯ ಆಚೆ ಹೆಣ್ಣುಕುದುರೆಯ ಹಗ್ಗ ಹಿಡಿದವನು ಲೋಹಿತ. ಇಬ್ಬರ ಮೈಮೇಲೂ ಹಳೇ ಸ್ವೆಟರ್. ಆ ಶೆಡ್ಡಿಗೆ ಜಾಕೆಟ್ ಕೊಟ್ಟಿರಲಿಲ್ಲ. ಹಲಗೆಯ ಮೇಲಿನ ಎರಡು ಪಟ್ಟಿ ಡಿಸೆಂಬರಿನಲ್ಲೇ ಮುರಿದಿದ್ದವು. ರಮೇಶಣ್ಣ ಮೂರು ಸಲ ತೋರಿಸಿದ್ದ.

ಅವಳು ಮೊದಲು ಸುಮ್ಮನೆ ನಿಂತಳು. ಮಿಕ್ಕಿ ಮೂಸಿತು. ಅವಳ ಕಿವಿ ಹಿಂದಕ್ಕೆ ಮಲಗಿದವು. ಲೋಹಿತ ಹಗ್ಗ ಬಿಗಿದ. ಅವಳು ಕಿರುಚಿ ಸೊಂಟ ತಿರುಗಿಸಿದಳು. ಐನೂರೈವತ್ತು ಕೇಜಿಯ ಪ್ರಾಣಿ. ಹಗ್ಗ ಅವನ ಅಂಗೈ ಸುಟ್ಟುಕೊಂಡು ಜಾರಿತು. ರಮೇಶಣ್ಣ ಮಿಕ್ಕಿಯ ತಲೆ ಹಿಡಿದು ಪಕ್ಕಕ್ಕೆ ದೂಡಿದ. ಮಿಕ್ಕಿ ತಪ್ಪಿಸಿಕೊಂಡಿತು. ಮುರಿದ ಪಟ್ಟಿಯ ಜಾಗದಿಂದ ಅವಳ ಎರಡೂ ಹಿಂಗಾಲು ಹೊರಗೆ ಬಂದವು. ಲಾಳದ ಸಮೇತ.

ಸದ್ದು ದೊಡ್ಡದೇನಲ್ಲ. ರಾಗಿ ಚೀಲ ನೆಲಕ್ಕೆ ಎತ್ತಿ ಹಾಕಿದಂತೆ.

ರಮೇಶಣ್ಣ ಗೋಡೆಗೆ ಒರಗಿ ಕೂತ. ಮಾತಾಡಲು ನೋಡಿದ. ಬಾಯಿಂದ ಗಾಳಿ ಬಂತು, ಮಾತು ಬರಲಿಲ್ಲ. ಡೆಕ್ಲನ್ ಓಡಿಬಂದ. ಮೊದಲು ಹೆಣ್ಣುಕುದುರೆಯ ಕಾಲು ನೋಡಿದ. ಆಮೇಲೆ ಫೋನ್ ತೆಗೆದ.

ಆಂಬುಲೆನ್ಸ್ ಹೋದಮೇಲೆ ಲೋಹಿತ ರಕ್ತ ತೊಳೆದ. ಹನ್ನೊಂದೂವರೆಗೆ ಇನ್ನೊಂದು ಹೆಣ್ಣುಕುದುರೆ ಬಂತು. ಮಿಕ್ಕಿಯನ್ನು ಲೋಹಿತನೇ ಹಿಡಿದ.

*

ಇಬ್ಬರದೂ ಒಂದೇ ಊರು, ಕುಣಿಗಲ್ ಸೀಮೆಯಲ್ಲಿ. ಒಂದೇ ಕಾಲೊನಿ. ಊರ ಪಕ್ಕ ಕುದುರೆ ಫಾರಂ ಇತ್ತು. ರಮೇಶಣ್ಣನ ತಾತ ಸತ್ತ ಕುದುರೆ ಹೊತ್ತು ಹೂಳುವವನು. ಜೀವಂತ ಕುದುರೆ ಮುಟ್ಟಲು ಅವನನ್ನು ಬಿಡುತ್ತಿರಲಿಲ್ಲ. ಅಪ್ಪ ಲದ್ದಿ ಬಾಚುವವನಾದ. ರಮೇಶಣ್ಣ ಹಗ್ಗ ಹಿಡಿದ. "ಹೂಳೋದ್ರಿಂದ ಹಿಡಿಯೋಕೆ ಬರಕ್ಕೆ ನಮಗೆ ಮೂರು ತಲೆ ಹಿಡೀತು ಕಣೋ," ಎನ್ನುತ್ತಿದ್ದ. ಆರಡಿ ಎತ್ತರ, ಬಾಗಿಲಗಲ ಎದೆ. ಆದರೂ ಕುದುರೆಯ ಹಿಂದೆ ಹೋಗುವಾಗ ಒಮ್ಮೆಯೂ ಮೈಮರೆತವನಲ್ಲ. "ಹೆದರೋನೇ ಕುದುರೆ ಹಿಡೀಬೇಕು. ಧೈರ್ಯವಂತ ಆಸ್ಪತ್ರೆ ಸೇರ್ತಾನೆ."

ಐದು ವರ್ಷದ ಹಿಂದೆ ಅವನು ಐರ್ಲೆಂಡಿಗೆ ಬಂದ. ಎರಡು ವರ್ಷದ ಹಿಂದೆ ಲೋಹಿತನನ್ನು ಕರೆಸಿಕೊಂಡ. ಕೆಲಸದ ಪರ್ಮಿಟ್ಟಿನ ಮೇಲೆ ಸ್ಟಡ್ಡಿನ ಹೆಸರು. ಲೋಹಿತನದು ಮೇ ತಿಂಗಳಿಗೆ ಮುಗಿಯುತ್ತದೆ. ಡೆಕ್ಲನ್ ಸಹಿ ಹಾಕಿದರೆ ಮುಂದುವರಿಯುತ್ತದೆ.

ಸ್ಟಡ್ಡಿನ ಆಫೀಸಿನ ಗೋಡೆಯ ಮೇಲೆ ಎರಡು ಚೌಕಟ್ಟುಗಳಿದ್ದವು. ಒಂದು ಫೋಟೊ. ಮಾಲೀಕರ ಮುತ್ತಜ್ಜ ನೂರೈವತ್ತು ವರ್ಷದ ಹಿಂದೆ ಮೈಸೂರು ಸೀಮೆಯಲ್ಲಿ ಸಾಹೇಬನಾಗಿದ್ದನಂತೆ. ಸರ್ಕಾರದ ಬೀಜದ ಕುದುರೆಗಳನ್ನು ಹೋಬಳಿಯಿಂದ ಹೋಬಳಿಗೆ ಹೊಡೆದುಕೊಂಡು ಹೋಗಿ ರೈತರ ಕುದುರೆಗಳಿಗೆ ಕೊಡಿಸುವುದು ಅವನ ಕೆಲಸ. ಫೋಟೊದಲ್ಲಿ ಕುದುರೆ, ಸಾಹೇಬ, ಬರಿಗಾಲಲ್ಲಿ ಹಗ್ಗ ಹಿಡಿದು ನಿಂತ ಒಬ್ಬ ಕರಿಯ ಮನುಷ್ಯ. ಕೆಳಗೆ ಕುದುರೆಯ ಹೆಸರಿತ್ತು, ಅದರ ಅಪ್ಪ ಅಮ್ಮನ ಹೆಸರಿತ್ತು, ಸಾಹೇಬನ ಹೆಸರಿತ್ತು.

ಇನ್ನೊಂದು ಚೌಕಟ್ಟಿನಲ್ಲಿ ಆಗಿನ ಒಂದು ಜಾಹೀರು ಕಾಗದ. ಅದು ಕನ್ನಡದಲ್ಲಿತ್ತು. ಮಾಲೀಕರಿಗೆ ಅದು ಚಿತ್ರ. ಓದಲು ಬರುತ್ತಿದ್ದದ್ದು ಇವರಿಬ್ಬರಿಗೇ. ಮೊದಲ ಸಲ ಆಫೀಸಿಗೆ ಹೋದಾಗ ರಮೇಶಣ್ಣ ಬೆರಳಿಟ್ಟು ಗಟ್ಟಿಯಾಗಿ ಓದಿದ್ದ:

"ಸರ್ಕಾರದ ಬೀಜದ ಕುದುರೆಯು ಈ ಹೋಬಳಿಯಲ್ಲಿ ಎಂಟು ದಿವಸ ನಿಲ್ಲುವುದು. ರೈತರು ತಂತಮ್ಮ ಹೆಣ್ಣುಕುದುರೆಗಳನ್ನು ತರತಕ್ಕದ್ದು. ಒದೆಯುವ ಕುದುರೆಗೆ ಕಾಲುಕಟ್ಟು ಹಾಕಿ ತರತಕ್ಕದ್ದು. ಸರ್ಕಾರದ ಕುದುರೆಗೆ ಪೆಟ್ಟಾದರೆ ರೈತನೇ ಹೊಣೆ. ಕುದುರೆ ಹಿಡಿಯುವ ಆಳಿಗೆ ಏನಾದರೂ ಆದರೆ ಯಾರೂ ಹೊಣೆಯಲ್ಲ."

ಓದಿ ಮುಗಿಸಿ ಅವನು ಫೋಟೊದ ಬರಿಗಾಲಿನವನನ್ನು ನೋಡಿ ನಕ್ಕಿದ್ದ. "ಇವ್ನು ನಮ್ಮ ಮುತ್ತಾತನೇ ಇರ್ಬೇಕು ಕಣೋ ಲೋಹಿತ. ಕೈ ನೋಡು. ಹಗ್ಗ ಹಿಡಿದಿರೋ ರೀತಿ ನಮ್ದೇಯ."

*

ಡಬ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ರಮೇಶಣ್ಣ ಮಷೀನಿನ ಮೇಲೆ ಉಸಿರಾಡುತ್ತಿದ್ದ. ಏಳು ಪಕ್ಕೆಲುಬು ಮುರಿದು ಒಳಗೆ ಚುಚ್ಚಿದ್ದವು. ಲೋಹಿತ ಭಾನುವಾರದ ರಜೆಯಲ್ಲಿ ಬಸ್ಸಿನಲ್ಲಿ ಹೋಗಿ ಗಾಜಿನ ಆಚೆಯಿಂದ ನೋಡಿ ಬಂದ.

ಅದರ ಹಿಂದಿನ ದಿನ, ಅಂದರೆ ಒದೆ ಬಿದ್ದ ನಾಲ್ಕನೇ ದಿನ, ಡೆಕ್ಲನ್ ಅವನನ್ನು ಕರೆದು ಒಂದು ಪೊಟ್ಟಣ ಕೊಟ್ಟಿದ್ದ. ಒಳಗೆ ಹೊಸ ಸೇಫ್ಟಿ ಜಾಕೆಟ್. ಕಪ್ಪು ಬಣ್ಣ. ಎದೆಗೆ, ಬೆನ್ನಿಗೆ ಎರಡು ಬೆರಳು ದಪ್ಪದ ಮೆತ್ತೆ. ಪಕ್ಕದಲ್ಲಿ ಬಿಗಿಯುವ ಪಟ್ಟಿ.

"ಇವತ್ತಿಂದ ಹಾಕ್ಕೊ. ದಿನಾ. ಬಿಚ್ಚಲೇ ಬೇಡ," ಎಂದ ಡೆಕ್ಲನ್.

ಲೋಹಿತ ಹಾಕಿಕೊಂಡ. ಅವನು ಸಣ್ಣ ಆಳು. ಪಟ್ಟಿಗಳನ್ನು ಕೊನೆಯವರೆಗೂ ಎಳೆದು ಬಿಗಿದ. ಎದೆ ಬೆಚ್ಚಗಾಯಿತು. ಮಿಕ್ಕಿಯ ಪಕ್ಕದಲ್ಲಿ ನಿಂತಾಗ ಮೊದಲ ಸಲ ಹೆದರಿಕೆ ಇರಲಿಲ್ಲ. ಒಂದು ಹೆಣ್ಣುಕುದುರೆ ಹಲಗೆಗೆ ಝಾಡಿಸಿ ಒದ್ದಳು. ಅವನು ಕಾಲು ಕೀಳಲಿಲ್ಲ.

ಲದ್ದಿ ಬಾಚುವಾಗ ಹಾಕಿಕೊಂಡ. ಹುಲ್ಲಿನ ಪಿಂಡಿ ಹೊರುವಾಗ ಹಾಕಿಕೊಂಡ. ಮಳೆಯಲ್ಲಿ ಹಾಕಿಕೊಂಡ. ಬೆವರಿ ಕಂಕುಳಲ್ಲಿ ಉಪ್ಪಿನ ಗೆರೆ ಮೂಡಿತು. ಮಿಕ್ಕಿ ಭುಜದ ಹತ್ತಿರ ಕಚ್ಚಿ ಬಟ್ಟೆ ಹರಿಯಿತು. ಅಂತೂ ರಮೇಶಣ್ಣನ ಎದೆ ಮುರಿದ ಮೇಲೆ ಇವರಿಗೆ ಬುದ್ಧಿ ಬಂತು ಅಂದುಕೊಂಡ. ಗಾಜಿನ ಆಚೆ ಮಲಗಿದವನಿಗೆ ಮನಸ್ಸಿನಲ್ಲೇ ಹೇಳಿದ: ಎದ್ದು ಬಾ ಅಣ್ಣ, ನಿಂಗೂ ಒಂದು ತೆಗೆಸ್ತೀನಿ, ದೊಡ್ಡ ಸೈಜು.

ಒಂಬತ್ತನೇ ದಿನ ರಮೇಶಣ್ಣ ಸತ್ತ.

*

ಮಾರನೇ ದಿನ ಬೆಳಿಗ್ಗೆ ಡೆಕ್ಲನ್ ಜಾಕೆಟ್ ವಾಪಸ್ ಕೇಳಿದ.

ಲೋಹಿತ ಬಿಚ್ಚಿ ಕೊಟ್ಟ. ತೊಳೆಯಲು ಇರಬೇಕು ಅಂದುಕೊಂಡ. ಡೆಕ್ಲನ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹರಿದ ಭುಜ ನೋಡಿದ, ಉಪ್ಪಿನ ಗೆರೆ ನೋಡಿದ. ತಲೆಯಾಡಿಸಿದ. ಜೇಬಿನಿಂದ ಮಾರ್ಕರ್ ಪೆನ್ನು ತೆಗೆದ. ಕಾಲರಿನ ಒಳಗೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ರಮೇಶ್ ಎಂದು ಬರೆದ. ಜೀನು ಲಗಾಮು ಇಡುವ ಕೋಣೆಗೆ ಹೋಗಿ, ರಮೇಶಣ್ಣ ತನ್ನ ಟೋಪಿ ನೇತುಹಾಕುತ್ತಿದ್ದ ಮೊಳೆಗೆ ನೇತುಹಾಕಿದ.

ಲೋಹಿತ ಬಾಗಿಲಲ್ಲೇ ನಿಂತಿದ್ದ. ಅವನ ಮೈಮೇಲೆ ಹಳೇ ಸ್ವೆಟರ್ ಮಾತ್ರ ಇತ್ತು. ಐದು ದಿನದ ಆ ಬಿಸುಪು ಯಾಕೆ ಕೊಟ್ಟದ್ದು ಎಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊಸದನ್ನು ಹಳೆಯದು ಮಾಡಲು ಒಂದು ಮೈ ಬೇಕಿತ್ತು. ಅವನ ಮೈ ಸಿಕ್ಕಿತು.

ಮಧ್ಯಾಹ್ನ ವಿಶ್ವೇಶ್ವರ ಬಂದ. ಡಬ್ಲಿನ್ ಪಕ್ಕದ ಲೆಪರ್ಡ್ಸ್‌ಟೌನ್‌ನ ಕಂಪನಿಯೊಂದರಲ್ಲಿ ದೊಡ್ಡ ಇಂಜಿನಿಯರ್. ಹತ್ತು ಜನ ಸೇರಿ ಕೊಂಡ ರೇಸ್ ಕುದುರೆಯೊಂದರಲ್ಲಿ ಅವನದೂ ಪಾಲಿತ್ತು. ಆ ಕುದುರೆ ಇದೇ ಸ್ಟಡ್ಡಿನದು. ಅದಕ್ಕೇ ಡೆಕ್ಲನ್ ಅವನಿಗೆ ಗೊತ್ತು.

ಲೋಹಿತನಿಗೆ ಅವನ ಗುರುತಿತ್ತು. ಹಿಂದಿನ ವರ್ಷ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ರಮೇಶಣ್ಣನ ಜೊತೆ ಹೋಗಿದ್ದ. ಬಾಗಿಲಲ್ಲೇ ವಿಶ್ವೇಶ್ವರ ಕೇಳಿದ್ದ, "ಯಾವ ಕಡೆಯವ್ರು?"

"ಕುಣಿಗಲ್ ಕಡೆ ಸಾರ್," ಎಂದಿದ್ದ ರಮೇಶಣ್ಣ.

"ಅಲ್ಲಿ ಯಾರ ಪೈಕಿ?"

"ಕುದುರೆ ಪೈಕಿ ಸಾರ್."

ಪಕ್ಕದಲ್ಲಿದ್ದವರು ನಕ್ಕಿದ್ದರು. ವಿಶ್ವೇಶ್ವರ ನಕ್ಕಿರಲಿಲ್ಲ. ಊಟ ಆದಮೇಲೆ, "ನೀವಿಬ್ರು ಗಟ್ಟಿ ಆಳುಗಳು, ಒಂಚೂರು ಕುರ್ಚಿ ಎತ್ತಿಡಿ," ಎಂದಿದ್ದ. ನೂರಿಪ್ಪತ್ತು ಕುರ್ಚಿ. ಬೇರೆ ಯಾರಿಗೂ ಹೇಳಿರಲಿಲ್ಲ.

ಈಗ ಅವನು ಡಬ್ಬಿಯಲ್ಲಿ ಪುಳಿಯೋಗರೆ ತಂದಿದ್ದ. ಜೊತೆಗೆ ಒಂದು ಪ್ಲಾಸ್ಟಿಕ್ ಚಮಚ. ಆಫೀಸಿನಲ್ಲಿ ಲೋಹಿತನ ಮುಂದೆ ಇಟ್ಟ. "ತಿನ್ನಪ್ಪ. ಡಬ್ಬಿ ವಾಪಸ್ ಬೇಡ," ಎಂದ. ಡೆಕ್ಲನ್ ಮೇಜಿನ ಆಚೆ ಕೂತಿದ್ದ. ಅವನ ತಲೆಯ ಮೇಲೆ ಆ ಎರಡು ಚೌಕಟ್ಟುಗಳು.

"ತುಂಬಾ ಬೇಜಾರಾಯ್ತು ಕಣಪ್ಪ," ಎಂದ ವಿಶ್ವೇಶ್ವರ. "ಒಳ್ಳೆ ಮನುಷ್ಯ. ನಾಳೆ ಗವರ್ಮೆಂಟ್ ಕಡೆಯಿಂದ ಇನ್‌ಸ್ಪೆಕ್ಟರ್ ಬರ್ತಾರೆ. ಸಾವು ಆದ್ರೆ ಬರ್ಲೇಬೇಕು, ಫಾರ್ಮಾಲಿಟಿ. ನಿನ್ನ ಸ್ಟೇಟ್‌ಮೆಂಟ್ ರೆಡಿ ಮಾಡಿದೀವಿ. ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಸೈನ್ ಹಾಕು."

"ಏನೈತೆ ಅದ್ರಲ್ಲಿ?"

"ರಮೇಶನಿಗೆ ಜಾಕೆಟ್ ಕೊಟ್ಟಿದ್ರು. ಸೆಕೆ ಆಗುತ್ತೆ ಅಂತ ಅವತ್ತು ಅವನು ಹಾಕ್ಕೊಳ್ಳಿಲ್ಲ. ಮೊಳೆಗೆ ನೇತುಹಾಕಿ ಹೋದ. ಅಷ್ಟೇ."

"ಫೆಬ್ರವರಿಲಿ ಸೆಕೆನಾ ಸಾರ್? ಬೆಳಿಗ್ಗೆ ಎಂಟು ಗಂಟೆಗೆ?"

ವಿಶ್ವೇಶ್ವರ ಕಾಗದ ನೋಡಿಕೊಂಡ. "ಸರಿ, ಕೆಲಸಕ್ಕೆ ಅಡ್ಡ ಬರುತ್ತೆ ಅಂತ. ಬದಲಾಯಿಸ್ತೀವಿ ಬಿಡು."

"ಆ ಜಾಕೆಟ್ ನಂದು ಸಾರ್. ಶನಿವಾರ ಕೊಟ್ರು. ಅಣ್ಣ ಅಷ್ಟೊತ್ಗೆ ಆಸ್ಪತ್ರೇಲಿದ್ದ."

ವಿಶ್ವೇಶ್ವರ ಇದನ್ನು ಡೆಕ್ಲನ್‌ಗೆ ಇಂಗ್ಲಿಷಿನಲ್ಲಿ ಹೇಳಿದ. ಡೆಕ್ಲನ್ ಸಿಟ್ಟಾಗಲಿಲ್ಲ. ಮೆಲ್ಲಗೆ ಮಾತಾಡಿದ. ಅವನು ಹೇಳಿದ್ದು ಲೋಹಿತನಿಗೆ ನೇರವಾಗಿಯೇ ಅರ್ಥವಾಯಿತು.

"ಜಾಕೆಟ್ ಹಾಕದೇ ಇದ್ದದ್ದು ರಮೇಶನ ತಪ್ಪು ಅಲ್ಲ ಅಂದ್ರೆ, ಕುದುರೆ ಹಿಡಿದವನ ತಪ್ಪು. ಆ ಕುದುರೆ ಹಿಡಿದಿದ್ದವನು ಯಾರು ಲೋಹಿತ್? ಹಗ್ಗ ಬಿಟ್ಟವನು ಯಾರು?"

ಲೋಹಿತ ತನ್ನ ಅಂಗೈ ನೋಡಿಕೊಂಡ. ಹಗ್ಗ ಸುಟ್ಟ ಗೆರೆ ಇನ್ನೂ ಹಸಿಯಾಗಿತ್ತು. ಹತ್ತು ದಿನದಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು. ಇವನಿಗೆ ಹೇಗೆ ಗೊತ್ತಾಯಿತು?

"ಯೋಚ್ನೆ ಮಾಡು," ಎಂದ ವಿಶ್ವೇಶ್ವರ. "ಸತ್ತೋನು ವಾಪಸ್ ಬರಲ್ಲ. ನೀನು ಬದುಕಬೇಕಲ್ಲ? ಮೇನಲ್ಲಿ ಪರ್ಮಿಟ್ ಮುಗಿಯುತ್ತೆ. ಅವ್ರ ಮನೆಯವ್ರಿಗೂ ಇವ್ರು ದಯೆಯಿಂದ ಏನಾದ್ರೂ ಮಾಡ್ತಾರೆ. ನಾನೇ ಮಾತಾಡಿದೀನಿ ಆ ಹೆಂಗಸಿನ ಹತ್ರ."

"ಅತ್ಗೆ ಹತ್ರ ಮಾತಾಡಿದ್ರಾ? ಏನಂತ?"

"ಇದ್ದದ್ದು ಇದ್ದಂಗೆ. ಕೊಟ್ಟದ್ದು ಹಾಕ್ಕೊಳ್ಳಿಲ್ಲ ಅಂತ."

ಲೋಹಿತ ಎದ್ದ. ಪುಳಿಯೋಗರೆ ಡಬ್ಬಿ ಮುಚ್ಚಳ ತೆಗೆಯದೆ ಅಲ್ಲೇ ಬಿಟ್ಟ. ಸಹಿಯನ್ನೂ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ.

ಸಂಜೆ ಸಾವಿತ್ರಿ ಫೋನ್ ಮಾಡಿದಳು. ರಮೇಶಣ್ಣನ ಹೆಂಡತಿ.

"ಲೋಹಿತ, ಒಂದು ಮಾತು ಕೇಳ್ತೀನಿ. ಯಾರೋ ಕನ್ನಡದೋರು ಫೋನ್ ಮಾಡಿದ್ರು. ಕೊಟ್ಟ ಜಾಕೆಟ್ಟ ನಿಮ್ಮಣ್ಣ ಹಾಕ್ಕಳ್ಳಿಲ್ವಂತೆ. ನಿಜವಾ?"

ಲೋಹಿತ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಅವ್ರು ಊರಲ್ಲಿ ಗಾಡಿ ಹತ್ತೋವಾಗ ಚಪ್ಪಲಿ ಕಿತ್ತೋಗಿದ್ರೂ ಹತ್ತೋರಲ್ಲ. ಜಾರ್ತದೆ ಅನ್ನೋರು. ಅಂಥೋರು ಕೊಟ್ಟದ್ದ ಬಿಟ್ಟು ಹೋದ್ರಾ? ಇಲ್ಲಿ ಎಲ್ರೂ ಅವ್ರದ್ದೇ ತಪ್ಪು ಅಂತಾವ್ರೆ. ಕುಡ್ದಿದ್ದ ಅಂತ್ಲೂ ಅಂತಾವ್ರೆ. ಅಪ್ಪನ್ನ ಹಂಗಂತಾರೆ ಅಂತ ನಮ್ಮ ಧನುಶ್ರೀ ಅನ್ನ ಬಿಟ್ಟವ್ಳೆ. ನೀನು ಅಲ್ಲೇ ಇದ್ದಲ್ಲ. ನೀನ್ ಹೇಳು."

"ನಾಳೆ ಹೇಳ್ತೀನಿ ಅತ್ಗೆ."

"ನಾಳೆಗೂ ಇವತ್ತಿಗೂ ನಿಜ ಬೇರೆ ಆಯ್ತದಾ?"

ಅವಳೇ ಫೋನ್ ಇಟ್ಟಳು.

*

ಇನ್‌ಸ್ಪೆಕ್ಟರ್ ಮಿಸ್ ಬ್ರೆನನ್ ಬೆಳಿಗ್ಗೆ ಒಂಬತ್ತಕ್ಕೇ ಬಂದಳು. ಐವತ್ತರ ಹೆಂಗಸು, ಗಂಬೂಟು, ಕೈಯಲ್ಲಿ ನೋಟ್‌ಬುಕ್ಕು. ಟೀಸರ್ ಶೆಡ್ಡು ನೋಡಿದಳು. ಹಲಗೆಗೆ ಹೊಸ ಪಟ್ಟಿ ಹೊಡೆದಿತ್ತು. ಬಣ್ಣವೂ ಬಳಿದಿತ್ತು. ಮುಟ್ಟಿ ನೋಡಿದಳು. ಬೆರಳಿಗೆ ಬಣ್ಣ ಹತ್ತಿತು. ಬರೆದುಕೊಂಡಳು.

ಆಮೇಲೆ ಜೀನು ಕೋಣೆಗೆ ಬಂದರು. ಡೆಕ್ಲನ್ ಮೊಳೆಯಿಂದ ಜಾಕೆಟ್ ತೆಗೆದು ಕಾಲರ್ ತೋರಿಸಿದ.

"ಇದು ಅವನದ್ದು. ನೋಡಿ, ಹೆಸರಿದೆ. ವರ್ಷದಿಂದ ಬಳಸಿದ್ದು. ಅವತ್ತು ಹಾಕಿಕೊಂಡಿರಲಿಲ್ಲ. ದುರದೃಷ್ಟ. ಇವನು ಜೊತೆಗಿದ್ದ, ಇವನೇ ಹೇಳ್ತಾನೆ."

ದುಭಾಷಿಯಾಗಿ ಬಂದಿದ್ದ ವಿಶ್ವೇಶ್ವರ ಲೋಹಿತನ ಕಡೆ ತಿರುಗಿ ಮೆಲ್ಲಗೆ, "ಹೌದು ಅನ್ನು ಸಾಕು. ಮಿಕ್ಕಿದ್ದು ನಾನು ಹೇಳ್ತೀನಿ," ಎಂದ.

ಕೋಣೆಯಲ್ಲಿ ಚರ್ಮದ ವಾಸನೆ. ಹೊರಗೆ ಅವತ್ತಿನ ಮೊದಲ ಲಾರಿ ಬಂದು ನಿಂತಿತ್ತು. ಒಳಗಿದ್ದ ಹೆಣ್ಣುಕುದುರೆ ತಗಡಿಗೆ ಒದೆಯುತ್ತಿತ್ತು. ಒಂದೊಂದು ಒದೆಗೂ ಲೋಹಿತನಿಗೆ ಹೆದರಿಕೆಯಾಗುತ್ತಿತ್ತು. ಜಾಕೆಟ್ ಹಾಕಿಕೊಂಡ ಐದು ದಿನ ಇರದಿದ್ದ ಹೆದರಿಕೆ. ರಮೇಶಣ್ಣನಿಗೆ ಐದು ವರ್ಷ ದಿನಾ ಇದ್ದ ಹೆದರಿಕೆ.

"ಅವ್ರಿಗೆ ಹೇಳಿ," ಎಂದ ಲೋಹಿತ. "ಆ ಜಾಕೆಟ್ಟಲ್ಲಿ ಇರೋ ಬೆವರು ನಂದು ಅಂತ ಹೇಳಿ."

ವಿಶ್ವೇಶ್ವರ ಡೆಕ್ಲನ್ ಕಡೆ ನೋಡಿದ.

"ಹೇಳಿ ಸಾರ್. ಕನ್ನಡ ಬರಲ್ವಾ ನಿಮ್ಗೆ?"

"ಲೋಹಿತ್, ಸುಮ್ನೆ ನಿನ್ನ ಲೈಫ್ ಹಾಳು ಮಾಡ್ಕೋತಿದೀಯ."

"ನೀವು ಕುರ್ಚಿ ಎತ್ತಿಡು ಅಂದ್ರಿ, ಎತ್ತಿಟ್ವಿ. ಇದು ಕುರ್ಚಿ ಅಲ್ಲ."

ಅವನು ಮಿಸ್ ಬ್ರೆನನ್ ಕಡೆ ತಿರುಗಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ತಾನೇ ಹೇಳಿದ. ವ್ಯಾಕರಣ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಇದು ನನ್ನ ಜಾಕೆಟ್. ಶನಿವಾರ ಕೊಟ್ಟರು. ರಮೇಶಣ್ಣ ಮಂಗಳವಾರ ಒದೆ ತಿಂದ. ಬೆವರು ನನ್ನದು.

ಡೆಕ್ಲನ್ ನಕ್ಕ. "ಹುಡುಗ ಶಾಕ್‌ನಲ್ಲಿದ್ದಾನೆ."

ಲೋಹಿತ ಅವನ ಕೈಯಿಂದ ಜಾಕೆಟ್ ಕಿತ್ತುಕೊಂಡ. ತೊಟ್ಟುಕೊಂಡ. ಪಟ್ಟಿಗಳನ್ನು ಮುಟ್ಟಲೂ ಇಲ್ಲ. ಅವು ಕೊನೆಯವರೆಗೂ ಎಳೆದು ಬಿಗಿದಂತೆಯೇ ಇದ್ದವು, ಅವನ ಸಣ್ಣ ಎದೆಗೆ ಸರಿಯಾಗಿ. ಭುಜದ ಮೇಲಿನ ಹರಕು ಅವನ ಸ್ವೆಟರಿನ ಹರಕಿನ ಮೇಲೆ ಸರಿಯಾಗಿ ಕೂತಿತು. ಅದರ ಕೆಳಗೆ ಚರ್ಮದ ಮೇಲೆ ಮಿಕ್ಕಿಯ ಹಲ್ಲಿನ ಗುರುತು.

"ರಮೇಶಣ್ಣ ಆರಡಿ," ಎಂದ. ತನ್ನ ತಲೆಯ ಮೇಲೆ ಒಂದು ಗೇಣು ಕೈ ಎತ್ತಿ ತೋರಿಸಿದ. ಎರಡೂ ತೋಳು ಅಗಲಿಸಿ ಎದೆ ತೋರಿಸಿದ. "ಇದು ಅವನ ಒಂದು ತೋಳಿಗೂ ಬರಲ್ಲ. ಆಸ್ಪತ್ರೇಲಿ ಅವನ ಮೈ ಇನ್ನೂ ಐತೆ. ಹೋಗಿ ಅಳತೆ ತಗೊಳ್ಳಿ."

ಮಿಸ್ ಬ್ರೆನನ್ ಹತ್ತಿರ ಬಂದಳು. ಪಟ್ಟಿ ನೋಡಿದಳು. ಕಾಲರ್ ಮಡಚಿ ಹೆಸರು ನೋಡಿದಳು. ಡೆಕ್ಲನ್ ಕಡೆ ನೋಡಿದಳು. ಅವನು ಬಾಗಿಲ ಕಡೆ ನೋಡುತ್ತಿದ್ದ.

"ಲಾಳನೂ ಬರ್ಕೊಳ್ಳಿ," ಎಂದ ಲೋಹಿತ. "ಹಿಂದಿನ ಕಾಲಿಗೆ ಲಾಳ ಇತ್ತು. ಅಣ್ಣ ತೋರಿಸ್ದ. ಹಲಗೆ ಮುರಿದಿತ್ತು. ಅಣ್ಣ ಮೂರು ಸಲ ತೋರಿಸ್ದ. ಕುದುರೆ ಹಿಡಿದಿದ್ದು ನಾನು. ಹಗ್ಗ ಜಾರಿದ್ದು ನನ್ನ ಕೈಯಿಂದ. ಅದನ್ನೂ ಬರ್ಕೊಳ್ಳಿ. ಎಲ್ಲಾ ಬರ್ಕೊಳ್ಳಿ." ಅವನು ಅಂಗೈ ಚಾಚಿದ.

ಅವಳು ಅಂಗೈಯ ಫೋಟೊ ತೆಗೆದಳು. ಜಾಕೆಟ್ ಬಿಚ್ಚಲು ಹೇಳಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಟಿಸಿದಳು. ಪೆನ್ನು ತೆಗೆದು ಅವನ ಹೆಸರು ಕೇಳಿದಳು.

ಅವನು ತನ್ನ ಹೆಸರು ಹೇಳಿದ. ಆಮೇಲೆ ಕೇಳದಿದ್ದರೂ ಇನ್ನೊಂದು ಹೇಳಿದ. "ಸತ್ತವನು ರಮೇಶ. ಅವನ ಅಪ್ಪ ಕೆಂಚಯ್ಯ. ಕೆಂಚಯ್ಯನ ಅಪ್ಪ ಮೂಡ್ಲಯ್ಯ. ಕುದುರೆದಾದ್ರೆ ಏಳು ತಲೆ ಬರೀತೀರಿ. ಇವ್ರದ್ದು ಮೂರಾದ್ರೂ ಬರ್ಕೊಳ್ಳಿ."

ಅವಳು ಕೆಂಚಯ್ಯನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡಳು.

ಹೊರಗೆ ಲಾರಿಯ ಡ್ರೈವರ್ ಹಾರನ್ ಹೊಡೆದ. ಹಾರಿಸುವ ಶೆಡ್ಡಿನಿಂದ ಬಂದ ಒಬ್ಬ ಐರಿಷ್ ಆಳು ಬಾಗಿಲಲ್ಲಿ ಇಣುಕಿದ. ಲಾಂಗ್ ಹಾರ್ಬರ್ ರೆಡಿ, ಹೆಣ್ಣುಕುದುರೆಯನ್ನು ನೋಡಿ ಆಯಿತೇ ಎಂದು ಕೇಳಿದ.

ಡೆಕ್ಲನ್ ಲೋಹಿತನ ಮುಖ ನೋಡದೆ, "ಮಿಕ್ಕಿಯನ್ನು ತಾ," ಎಂದ.

"ಜಾಕೆಟ್ ಇಲ್ಲ," ಎಂದ ಲೋಹಿತ.

ಡೆಕ್ಲನ್ ಬಾಗಿಲಲ್ಲಿದ್ದ ಆಳಿಗೆ ನೀನು ಹೋಗು ಎಂದ. ಆ ಆಳು ಹಿಂದೆ ಮುಂದೆ ನೋಡಲಿಲ್ಲ. ಟೀಸರ್ ಶೆಡ್ಡಿಗಾ? ಅಲ್ಲಿಗೆ ನಾನು ಹೋಗೋದಿದ್ರೆ ಹೆಲ್ಮೆಟ್, ಜಾಕೆಟ್ ಎರಡೂ ಹಾಕ್ಕೊಂಡೇ ಹೋಗೋದು ಎಂದ. ತನ್ನ ಎದೆಯ ಜಾಕೆಟ್ ತಟ್ಟಿ ತೋರಿಸಿದ. ಅದು ಹೇಳಬೇಕಾದ ಮಾತೇ ಅಲ್ಲ ಎಂಬಂತೆ ಹೇಳಿದ. ಡೆಕ್ಲನ್ ಸರಿ ಎಂದು ತಲೆಯಾಡಿಸಿದ. ಆಡಿಸಿದ ಮೇಲೆ ಅವನಿಗೆ ಮಿಸ್ ಬ್ರೆನನ್ ಅಲ್ಲೇ ನಿಂತಿರುವುದು ನೆನಪಾಯಿತು.

ಅವಳು ಅದನ್ನೂ ಬರೆದುಕೊಂಡಳು. ಆಮೇಲೆ ಎರಡೂ ಶೆಡ್ಡುಗಳನ್ನು ಮುಚ್ಚಿಸಿದಳು.

ಅವತ್ತು ಹೆಣ್ಣು ನೋಡುವ ಶಾಸ್ತ್ರ ನಡೆಯಲಿಲ್ಲ. ಲಾಂಗ್ ಹಾರ್ಬರ್ ಲಾಯದ ಗೋಡೆ ಒದೆಯುತ್ತಿತ್ತು. ಲಾರಿ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಲೋಹಿತ ಮಿಕ್ಕಿಗೆ ನೀರಿಟ್ಟು, ಅರ್ಧ ಕಿವಿಯ ಬುಡ ಕೆರೆದು ಬಂದ.

ಹನ್ನೆರಡಕ್ಕೆ ಡೆಕ್ಲನ್ ಅವನ ಕೋಣೆಯ ಬಾಗಿಲಿಗೆ ಬಂದು ನಾಳೆಯೊಳಗೆ ಖಾಲಿ ಮಾಡು ಎಂದ. ಕೋಣೆಯೂ ಸ್ಟಡ್ಡಿನದೇ. ಲೋಹಿತ ನಾಳೆಯವರೆಗೆ ಕಾಯಲಿಲ್ಲ. ಎರಡು ಚೀಲ. ಒಂದು ತನ್ನದು, ಒಂದು ರಮೇಶಣ್ಣನದು. ರಮೇಶಣ್ಣನ ಟೋಪಿ ಜೀನು ಕೋಣೆಯ ನೆಲದ ಮೇಲೆ ಬಿದ್ದಿತ್ತು. ಜಾಕೆಟ್ ನೇತುಹಾಕಲು ಯಾರೋ ತೆಗೆದು ಎಸೆದಿದ್ದರು. ಅದನ್ನು ಒದರಿ ತಲೆಗೆ ಹಾಕಿಕೊಂಡ. ಕಣ್ಣಿನವರೆಗೂ ಇಳಿಯಿತು.

ಬಸ್ ಸ್ಟಾಪಿನಲ್ಲಿ ಗಾಳಿ. ಡಬ್ಲಿನ್ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಎಲ್ಲಿ ಇಳಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕೇಸು ಮುಗಿಯುವವರೆಗೆ ದೇಶ ಬಿಡಬೇಡ ಎಂದು ಮಿಸ್ ಬ್ರೆನನ್ ಹೇಳಿದ್ದಳು. ಎಲ್ಲಿರಬೇಕೆಂದು ಹೇಳಿರಲಿಲ್ಲ.

ಅವನು ಸಾವಿತ್ರಿಗೆ ಫೋನ್ ಹಚ್ಚಿದ. ಮೊದಲ ರಿಂಗಿಗೇ ಎತ್ತಿದಳು.

"ಕೊಡಲೇ ಇಲ್ಲ ಅತ್ಗೆ," ಎಂದ ಲೋಹಿತ. "ಅಣ್ಣನಿಗೆ ಏನೂ ಕೊಟ್ಟಿರ್ಲಿಲ್ಲ."

ಆ ಕಡೆ ಯಾರೋ ಕೆಮ್ಮಿದರು. ಪಾತ್ರೆಯ ಸದ್ದು.

"ಹಗ್ಗ ನನ್ ಕೈಲಿತ್ತು ಅತ್ಗೆ. ಜಾರ್ತು."

"ನಿನ್ ಕೈಗೆ ಏನಾಗೈತೆ?"

"ಸುಟ್ಟೈತೆ."

"ಎಣ್ಣೆ ಹಚ್ಚು," ಎಂದಳು. ಆಮೇಲೆ ಕೇಳಿದಳು, "ಈಗ ನಂಗೆ ಹೇಳಿದ್ಯಲ್ಲ, ಇದನ್ನ ಅವ್ರ ಮುಂದೇನೂ ಹೇಳ್ತೀಯಾ?"

"ಹೇಳೇ ಬಂದೆ ಅತ್ಗೆ."

"ಹಂಗಾರೆ ತಡಿ," ಎಂದಳು ಸಾವಿತ್ರಿ. ಫೋನನ್ನು ಬಾಯಿಂದ ದೂರ ಹಿಡಿದು ಮನೆ ತುಂಬ ಕೂತಿದ್ದವರಿಗೆ ಕೂಗಿದ್ದು ಅವನಿಗೆ ಕೇಳಿಸಿತು. "ಧನುಶ್ರೀ, ಎದ್ದು ಉಣ್ಣು ಬಾ. ಏ, ನೀವೂ ಎಲ್ರೂ ಬನ್ನಿ ಇಲ್ಲಿ. ಇವ್ನು ಹೇಳೋದ ಕೇಳಿಸ್ಕಳ್ಳಿ. ಲೋಹಿತ, ಇನ್ನೊಂದ್ಸಲ ಹೇಳು. ಜೋರಾಗಿ ಹೇಳು."

ಅವನು ಜೋರಾಗಿ ಹೇಳಿದ.